ದಾರ ಮನೆಗೆ ಬಂದಿಲ್ಲ

ಶನಿವಾರ, ಜನವರಿ 11, 2025

ಆಟೊದವನು ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬಂದು ಬಾಗಿಲಲ್ಲಿ ನಿಂತ. ಬೆಂಗಳೂರಿನಲ್ಲಿ ಇಂಥದ್ದು ನಡೆಯುವುದಿಲ್ಲವೆಂದೇ ನಂಬಿ ನಾನು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದೆ. ಕಪ್ಪು ಚಂದ್ರಕಾಳಿ ಸೀರೆ. ನಾದಿನಿಯ ಮಗಳ ಮದುವೆ ಮೇ ತಿಂಗಳಲ್ಲಿ. ಅಷ್ಟರೊಳಗೆ ಸೆರಗಿನ ತುಂಬ ಕಸೂತಿ ಆಗಬೇಕು. ತೇರಿನ ಎರಡನೆಯ ಅಂತಸ್ತು ಹತ್ತುತ್ತಿದ್ದ ಸೂಜಿಯನ್ನು ಅಲ್ಲೇ ಚುಚ್ಚಿ, ಸೀರೆಯನ್ನು ದಿಂಬಿನ ಗವಸಿನೊಳಗೆ ತುರುಕಿ ಎದ್ದೆ. ಅದರ ಫಲವನ್ನು ಒಂಬತ್ತು ದಿನದ ಮೇಲೆ ಉಣ್ಣಬೇಕಾಯಿತು. ಆ ಮಾತು ಆಮೇಲೆ.

ಪತ್ರಿಕೆಯ ವಿಷಯದಲ್ಲಿ ನಮ್ಮ ಮನೆಯವರದು ಒಂದು ನೇಮ. ಊರಿಗೆ ಹೋದಾಗ ಪತ್ರಿಕೆ ನಿಲ್ಲಿಸುವುದಿಲ್ಲ, ಹೋದ ಊರಿನಲ್ಲಿ ಕೊಳ್ಳುವುದೂ ಇಲ್ಲ. ಪಕ್ಕದ ಮನೆಯ ಹುಡುಗಿ ದಿನವೂ ತೆಗೆದಿಡುತ್ತಾಳೆ. ಮರಳಿ ಬಂದ ಮೇಲೆ ಹಳೆಯದರಿಂದ ಶುರುಮಾಡಿ ವರಸೆಯಾಗಿ ಓದುವುದು. "ಒಮ್ಮೆ ದುಡ್ಡು ಕೊಟ್ಟ ಸುದ್ದಿಗೆ ಎರಡನೆಯ ಸಲ ಯಾಕೆ ಕೊಡಬೇಕು?" ಎನ್ನುತ್ತಾರೆ. ಅವರ ಕೈಯಲ್ಲಿರುವುದು ಗುಂಡಿ ಒತ್ತುವ ಹಳೆಯ ಮೊಬೈಲ್. ಸುದ್ದಿಯೇನಿದ್ದರೂ ನನ್ನ ಮೊಬೈಲಿನಲ್ಲಿಯೇ ಬರಬೇಕು. ಅದು ತುಮಕೂರು ದಾಟುವಷ್ಟರಲ್ಲಿ ಚಾರ್ಜ್ ಆಗುವುದನ್ನು ನಿಲ್ಲಿಸಿತು. ಪಿನ್ನು ಒಳಗೆ ಕೂರುತ್ತಲೇ ಇಲ್ಲ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನ ಮೇಲಿನ ಬರ್ತಿನಲ್ಲಿ ಮಲಗಿ, ಉಳಿದ ಶೇ 9ರಷ್ಟು ಚಾರ್ಜಿನಲ್ಲಿ ಧಾರವಾಡದ ಮಾವಶಿಗೆ ನಾವು ಬರುವ ದಿನ ತಿಳಿಸಿ ಆರಿಸಿಬಿಟ್ಟೆ.

ಇನ್ನು ಉಳಿದದ್ದು ಚೌಕುಳಿ ಹಾಳೆಯ ನೋಟ್‌ಬುಕ್. ರೈಲಿನಲ್ಲಿ ನನಗೆ ಯೋಜನೆಗಳು ಹುಟ್ಟುತ್ತವೆ, ಮನೆಯಲ್ಲಿ ಹುಟ್ಟುವುದಿಲ್ಲ. ಅರಸೀಕೆರೆಯವರೆಗೆ ಎಚ್ಚರವಿದ್ದು ಒಂಬತ್ತು ಬರೆದೆ. ಮೊದಲನೆಯದು: ಬನಶಂಕರಿ ಜಾತ್ರೆಯನ್ನು ಇಡಿಯಾಗಿ ಕಸೂತಿಯಲ್ಲಿ, ಗೋಡೆಗೆ ತೂಗುವಂತೆ, ಆರಡಿ ಅಗಲ. ಎರಡನೆಯದು: ಬಾದಾಮಿಯ ತ್ರಿಪದಿಯನ್ನು ಅಕ್ಷರ ಅಕ್ಷರವಾಗಿ ಸೀರೆಯ ಅಂಚಿಗೆ ಹೊಲಿಯುವುದು. ಉಳಿದ ಏಳನ್ನು ಹೇಳಿ ನಗೆಪಾಟಲಾಗುವುದಿಲ್ಲ.

ಭಾನುವಾರ, ಜನವರಿ 12

ಬಾದಾಮಿಗೆ ಇದು ನನ್ನ ಮೂರನೆಯ ಬರುವಿಕೆ. ಮೇಣಬಸದಿಗಳನ್ನು ಬೇಗ ಬೇಗ ನೋಡಿದೆವು. ಮೂರನೆಯ ಗುಹೆಯಲ್ಲಿ ಮಾತ್ರ ಕಾಲು ನಿಂತಿತು. ಕ್ರಿ.ಶ. 578ರಲ್ಲಿ ಮಂಗಳೇಶ ಬರೆಸಿದ ಶಾಸನ ಇರುವುದು ಅಲ್ಲಿ. ಆ ಕಂಬಗಳ ಮೇಲಿನ ಪಟ್ಟಿಕೆಗಳನ್ನು ನೋಡಿದಾಗಲೆಲ್ಲ ಯಾರೋ ಕಲ್ಲಿಗೆ ಅಂಚು ಹೊಲಿದಿದ್ದಾರೆ ಅನ್ನಿಸುತ್ತದೆ.

ನನಗೆ ಬೇಕಾಗಿದ್ದುದು ಕಪ್ಪೆ ಅರಭಟ್ಟನ ಶಾಸನ. ಅಗಸ್ತ್ಯ ತೀರ್ಥದ ಆಚೆಯ ಬಂಡೆಯಲ್ಲಿ, ಸುಮಾರು ಕ್ರಿ.ಶ. 700ರಲ್ಲಿ ಕೊರೆದದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅಲ್ಲಿವೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂಬ ಸಾಲನ್ನು ಶಾಲೆಯಲ್ಲಿ ಉರುಹೊಡೆದವರು ನಾವು. ಬಂಡೆಯ ಮುಂದೆ ನಿಂತು ಚೌಕುಳಿ ಹಾಳೆಯಲ್ಲಿ ಆ "ಸಾ"ವನ್ನು ಬರೆಯಲು ಹೋದೆ. ಕೈ ಅಲ್ಲೇ ನಿಂತಿತು. ಕಸೂತಿಯಲ್ಲಿ ಇರುವುದು ನೇರ ಗೆರೆ, ಅಡ್ಡ ಗೆರೆ, ಓರೆ ಗೆರೆ. ಬಳುಕುವ ಗೆರೆಗೆ ಅಲ್ಲಿ ಜಾಗವಿಲ್ಲ. ನಮ್ಮ ಲಿಪಿಯೋ ಜಿಲೇಬಿ. ನೋಟ್‌ಬುಕ್ ಮುಚ್ಚಿದೆ. ಯೋಜನೆಯನ್ನು ಹೊಡೆದುಹಾಕಲಿಲ್ಲ, ಪಕ್ಕಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಸಂಜೆ ಬನಶಂಕರಿ. ಅಂದು ಪಲ್ಲೇದ ಹಬ್ಬ. ದೇವಿಗೆ ಶಾಕಾಂಬರಿಯೆಂಬ ಹೆಸರೂ ಇರುವುದರಿಂದ 108 ಬಗೆಯ ಪಲ್ಯದ ನೈವೇದ್ಯ. ನೂರೆಂಟನ್ನೂ ಎಣಿಸುವ ಆಸೆಯಿತ್ತು. ನೂಕುನುಗ್ಗಲಿನಲ್ಲಿ ಹೀರೇಕಾಯಿ, ಚವಳಿಕಾಯಿಯವರೆಗೆ ಬಂದು ಕೈಬಿಟ್ಟೆ.

ಸೋಮವಾರ, ಜನವರಿ 13

ಬನದ ಹುಣ್ಣಿಮೆ. ತೇರು ಎಳೆಯುವುದು ಸಂಜೆಗೆ. ಬೆಳಿಗ್ಗೆಯೇ ಹೋಗಿ ಹರಿದ್ರಾ ತೀರ್ಥದ ಮಂಟಪದಲ್ಲಿ ಕಂಬವೊಂದಕ್ಕೆ ಒರಗಿ ಜಾಗ ಹಿಡಿದೆವು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು. ಜೋಳದ ರೊಟ್ಟಿ, ಝುಣಕ, ಕೆಂಪು ಖಾರ, ಸಣ್ಣ ಗಡಿಗೆಯಲ್ಲಿ ಗಟ್ಟಿ ಮೊಸರು. ನಾನು ಮೂರನೆಯ ರೊಟ್ಟಿ ಕೇಳಿದಾಗ ಬುಟ್ಟಿಯವಳು ಮನೆಯವರ ಕಡೆ ನೋಡಿ, "ಅಕ್ಕಾರು ಉಣ್ಣುವವರು ಇದ್ದಾರೆ, ನೀವೇ ಹಿಂದೆ ಬಿದ್ದಿರಿ" ಎಂದಳು.

ಸಂಜೆ ನಾನು ಕಂಡದ್ದು ಹಗ್ಗ. ತೇರನ್ನು ಎಲ್ಲರೂ ಕಾಣುತ್ತಾರೆ. ಆದರೆ ಇಲ್ಲಿ ಆ ಹಗ್ಗಕ್ಕೇ ಒಂದು ಮೆರವಣಿಗೆ ಇದೆ. ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಅದು ಹಳಿಬಂಡಿಯಲ್ಲಿ ಬರುತ್ತದೆ. ಬಂಡಿ ಬಾರದೆ ತೇರು ಕದಲುವ ಹಾಗಿಲ್ಲ. ತೇರು ಹೊರಟಿತು. ಉತ್ತತ್ತಿ, ಬಾಳೆಹಣ್ಣು ತಲೆಯ ಮೇಲೆ ಹಾರಿದವು. ಒಂದು ಉತ್ತತ್ತಿ ಮನೆಯವರ ಕನ್ನಡಕಕ್ಕೆ ಬಡಿಯಿತು. ನಾನು ಮಾತ್ರ ಹಗ್ಗವನ್ನೇ ನೋಡುತ್ತಿದ್ದೆ. ಬಿಗಿಯಾಗುವ ಮೊದಲು ಅದು ನೆಲದ ಮೇಲೆ ಅಂಕುಡೊಂಕಾಗಿ ಬಿದ್ದಿರುತ್ತದೆ. ಕೂಗು ಎದ್ದ ಕೂಡಲೇ ಒಂದು ಜಗ್ಗಿಗೆ ಸೆಟೆದು ನಿಲ್ಲುತ್ತದೆ. ಇಪ್ಪತ್ತು ವರ್ಷದಿಂದ ಕಸೂತಿಯಲ್ಲಿ ತೇರು ಹಾಕುತ್ತಿದ್ದೇನೆ. ಒಂದಕ್ಕೂ ಹಗ್ಗ ಹಾಕಿಲ್ಲ.

ರಾತ್ರಿ ನಾಟಕ. ಬನಶಂಕರಿ ಜಾತ್ರೆಯೆಂದರೆ ವೃತ್ತಿರಂಗಭೂಮಿಯ ಕಂಪನಿಗಳಿಗೆ ವರ್ಷದ ಸುಗ್ಗಿ. ತಗಡಿನ ಗೋಡೆಯ ಥಿಯೇಟರುಗಳು ಸಾಲಾಗಿ ನಿಂತು ತಿಂಗಳುಗಟ್ಟಲೆ ಪ್ರಯೋಗ ನಡೆಸುತ್ತವೆ. ಒಂದರ ಸಂಭಾಷಣೆಯ ನಡುವೆ ಪಕ್ಕದ ಕಂಪನಿಯ ಹಾಡು ಕೇಳಿಸುತ್ತದೆ, ಯಾರಿಗೂ ತೊಂದರೆಯಿಲ್ಲ. ನಮ್ಮ ನಾಟಕದ ಹಾಸ್ಯಗಾರ ಗಂಡ ಹೆಂಡತಿ ಬಸ್ ಹತ್ತುವ ಒಂದು ತುಣುಕನ್ನು ಹತ್ತು ನಿಮಿಷ ಎಳೆದ. ಹೆಂಡತಿ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆದು ಕಿಟಕಿಯ ಪಕ್ಕ ಕೂರುತ್ತಾಳೆ. ಗಂಡನಿಗೆ ಮೊನ್ನೆ 5ನೇ ತಾರೀಖಿನಿಂದ ಶೇ 15 ಏರಿದ ದರ. "ಇವಳ ಟಿಕೆಟ್ಟನ್ನೂ ನನ್ನ ತಲೆಯ ಮೇಲೆಯೇ ಹಾಕಿದ್ದೀರಲ್ಲ, ಕಂಡಕ್ಟರ್ ಸಾಹೇಬರೇ" ಎಂದಾಗ ಥಿಯೇಟರಿನ ಗಂಡಸರೆಲ್ಲ ಶಿಳ್ಳೆ ಹೊಡೆದರು. ಮನೆಯವರು ಶಿಳ್ಳೆ ಹೊಡೆದದ್ದನ್ನು ಮದುವೆಯಾದ ಮೇಲೆ ಮೊದಲ ಸಲ ಕೇಳಿದೆ. ಆ ವಾರ ನಮಗೆ ಸಿಕ್ಕ ವಾರ್ತಾಪ್ರಸಾರ ಅದೊಂದೇ.

ಮಂಗಳವಾರ, ಜನವರಿ 14

ಸಂಕ್ರಾಂತಿ. ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ಹರಿಯುತ್ತಾಳೆ. ಹೊಳೆಯ ಸ್ನಾನಕ್ಕೆ ಟ್ರ್ಯಾಕ್ಟರುಗಳಲ್ಲಿ ಜನ. ನಾವು ಮೊಣಕಾಲವರೆಗೆ ಇಳಿದು ತಲೆಗೆ ಪ್ರೋಕ್ಷಣೆ ಮಾಡಿಕೊಂಡೆವು, ಅದನ್ನೇ ಸ್ನಾನವೆಂದುಕೊಂಡೆವು. ದಂಡೆಯಲ್ಲಿ ಬುತ್ತಿ ಬಿಚ್ಚಿದ ಒಂದು ಕುಟುಂಬ ನಮ್ಮನ್ನು ಕರೆದು ಕೂರಿಸಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ, ಶೇಂಗಾ ಹೋಳಿಗೆ. ನಮ್ಮ ಬಳಿ ಕೊಡಲು ಇದ್ದುದು ಎರಡು ಕಿತ್ತಳೆ.

ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಅವನು ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. 1987ರಲ್ಲಿ ಈ ಸ್ಮಾರಕಗಳ ಗುಂಪು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಾರ್ಗದರ್ಶಿ ಶಿಲ್ಪಗಳ ಕಥೆ ಹೇಳುತ್ತಿದ್ದರೆ ನಾನು ಜಾಲಂಧ್ರಗಳ ಮುಂದೆ ಚೌಕುಳಿ ಹಾಳೆ ಹಿಡಿದು ಕೂತೆ. ಒಂದೊಂದು ಕಲ್ಲಿನ ಕಿಟಕಿಗೂ ಒಂದೊಂದು ವಿನ್ಯಾಸ. ಕೆಲವು ಬಿಡಿಸುತ್ತಲೇ ಕಸೂತಿಯಾಗಿಬಿಡುತ್ತವೆ. ನಾಲ್ಕನ್ನು ಎತ್ತಿಕೊಂಡೆ. ಎತ್ತಿಕೊಂಡೆ ಎಂಬ ಮಾತು ಸರಿಯೇ. ಹೊರಗೆ ಬರುವಾಗ ಕಾವಲುಗಾರ ನನ್ನ ಚೀಲವನ್ನು ಒಂದು ಬಗೆಯಾಗಿ ನೋಡಿದ.

ಬುಧವಾರ, ಜನವರಿ 15

ಗುಳೇದಗುಡ್ಡ. ಖಣಗಳ ಅಂಗಡಿಯಲ್ಲಿ ಮೂರು ಕೊಂಡೆ, ಏಳು ಕೊಳ್ಳದೆ ಬಂದೆ. ಆ ಏಳರ ಬಣ್ಣ ಇನ್ನೂ ಕಣ್ಣಲ್ಲಿದೆ. ಮಧ್ಯಾಹ್ನ ಬಸ್ಸಿನಲ್ಲಿ ನಿದ್ದೆ, ಅಮೀನಗಡದಲ್ಲಿ ಕರದಂಟು, ರಾತ್ರಿ ಇಳಕಲ್ಲಿನಲ್ಲಿ ಸೊಳ್ಳೆ.

ಗುರುವಾರ, ಜನವರಿ 16

ನನ್ನ ಕೆಲಸ ಶುರುವಾಗುವುದು ಇಳಕಲ್ ಸೀರೆಯ ಸೆರಗಿನ ಮೇಲೆ. ಆದರೂ ಸೆರಗು ಒಡಲಿಗೆ ಹೇಗೆ ಕೂಡುತ್ತದೆಂದು ಹತ್ತಿರದಿಂದ ನೋಡಿರಲಿಲ್ಲ. ಓಣಿಯೊಂದರ ಕೊನೆಯ ಮನೆಯಲ್ಲಿ ಕೈಮಗ್ಗದ ಸದ್ದು ಕೇಳಿ ಬಾಗಿಲು ತಟ್ಟಿದೆವು. ಅರವತ್ತು ದಾಟಿದ ನೇಕಾರರು. ಪುಣ್ಯಕ್ಕೆ ಅಂದು ಕೂಡಿಸುವ ಕೆಲಸವೇ ನಡೆದಿತ್ತು.

ಉಳಿದ ಸೀರೆಗಳಲ್ಲಿ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೋಗುವ ಎಳೆಗಳು, ಒಂದೇ, ಈ ತುದಿಯಿಂದ ಆ ತುದಿಗೆ. ಇಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದು ಸೀರೆಗೆ ಬೇಕಾಗುವಷ್ಟೇ ಹಾಸನ್ನು ಸಿದ್ಧಮಾಡಿ, ಒಡಲಿನ ಎಳೆಗಳನ್ನೂ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನೂ ಕುಣಿಕೆಗಳಲ್ಲಿ ಒಂದರೊಳಗೊಂದು ಹಾಯಿಸಿ ಕೂಡಿಸುತ್ತಾರೆ. ನಾನು ಬಗ್ಗಿ ನೋಡಿ, "ಗಂಟು ಹಾಕುವುದಿಲ್ಲವೇ?" ಎಂದೆ. "ಗಂಟು ಹಾಕಿದರೆ ಉಟ್ಟವರಿಗೆ ಚುಚ್ಚುತ್ತದೆ ಅಕ್ಕಾರೆ. ಇವು ಕೈ ಹಿಡಿದುಕೊಂಡು ನಿಂತಿವೆ, ಅಷ್ಟೇ" ಎಂದರು. ಅವರ ಹೆಬ್ಬೆರಳಿನ ಉಗುರಿನ ತುದಿಯಲ್ಲಿ ಎಳೆ ಸರಿದು ಸರಿದು ಬಿದ್ದ ಒಂದು ಕಚ್ಚು ಇತ್ತು. ಎಳೆ ಅದರಲ್ಲಿ ಕೂತು, ಒಂದು ಕ್ಷಣ ನಿಂತು, ಆಚೆಯ ಕುಣಿಕೆಗೆ ಹೋಗುತ್ತಿತ್ತು. ಅರ್ಧ ಗಂಟೆ ನೋಡಿದೆ. ಅವರು ಚಹಾ ಕುಡಿಸಿದರು. ಅಂದು ದೇಶವೆಲ್ಲ ಇನ್ನೊಂದು ಕೂಡಿಕೆಯ ಬಗ್ಗೆ ಮಾತನಾಡುತ್ತಿತ್ತಂತೆ; ಅದು ನನಗೆ ತಿಳಿದದ್ದು ಭಾನುವಾರ.

ಶುಕ್ರವಾರ ಮತ್ತು ಶನಿವಾರ, ಜನವರಿ 17–18

ಧಾರವಾಡದ ಮಾವಶಿ ನಮ್ಮ ಅತ್ತೆಯ ತಂಗಿ. ಎಂಬತ್ತೆರಡು ವರ್ಷ. ಮೈಸೂರು ಕಡೆಯವಳಾದ ನನಗೆ ಕಸೂತಿ ಕಲಿಸಿದವರು ಅತ್ತೆ. ಅವರಿಗೆ ಕಲಿಸಿದ್ದು ತಾನೇ ಎಂದು ಮಾವಶಿಯ ವಾದ. ಅತ್ತೆ ಬದುಕಿದ್ದಾಗ ಇದನ್ನು ಒಪ್ಪಿರಲಿಲ್ಲ.

ರೈಲಿನಲ್ಲಿ ಹಾಕಲೆಂದು ಒಂದು ಮಾದರಿ ತುಂಡು ಒಯ್ದಿದ್ದೆ. ಮಾವಶಿ ಅದನ್ನು ತೆಗೆದುಕೊಂಡವರೇ ಬೋರಲು ಹಾಕಿದರು. ಗವಂತಿ ಹೊಲಿಗೆಯಲ್ಲಿ ಮೇಲು ಕೆಳಗು ಎರಡೂ ಒಂದೇ ಆಗಿರಬೇಕು, ಎಲ್ಲಿಯೂ ಗಂಟು ಇರಬಾರದು. ಹೋಗುವಾಗ ನಾಲ್ಕು ಎಳೆ ಹಿಡಿದು ನಾಲ್ಕು ಎಳೆ ಬಿಡುತ್ತ ಹೋಗುವುದು. ದಾರಿಯ ಕೊನೆ ಮುಟ್ಟಿ ತಿರುಗಿ, ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬರುವುದು. ನಡುವೆ ಕವಲುಗಳಿರುತ್ತವೆ: ಗಿಳಿಯ ಕೊಕ್ಕು, ಗೋಪುರದ ಕಳಶ. ಯಾವ ಕವಲನ್ನು ಹೋಗುವಾಗ ಮುಗಿಸಬೇಕು, ಯಾವುದನ್ನು ಬರುವಾಗ ಎಂಬುದು ತಲೆಯಲ್ಲಿಯೇ ಇರಬೇಕು. ಬಟ್ಟೆಯ ಮೇಲೆ ಯಾರೂ ಗುರುತು ಹಾಕಿಕೊಡುವುದಿಲ್ಲ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, ನೇಯ್ಗೆ ನೇಯ್ದಂತೆ ಕಾಣುತ್ತದೆ, ಮೆಂತಿ ಕತ್ತರಿ ಹೊಲಿಗೆ. ಇವು ಕೈಗೆ ಕಷ್ಟ. ತಲೆಗೆ ಕಷ್ಟವಾದದ್ದು ಗವಂತಿಯೇ.

ಮಾವಶಿಯ ಬೆರಳು ಒಂದು ಗಿಳಿಯ ಬಾಲದ ಮೇಲೆ ನಿಂತಿತು. "ಇಲ್ಲಿ ದಾರ ಮನೆಗೆ ಬಂದಿಲ್ಲ" ಎಂದರು. ನಿಜವೇ, ರೈಲು ಗದಗ ದಾಟುವಾಗ ಬಿಟ್ಟದ್ದು.

ಮಧ್ಯಾಹ್ನ ಟ್ರಂಕಿನಿಂದ ಅವರು ಒಂದು ಉದ್ದನೆಯ ಪಟ್ಟಿ ತೆಗೆದರು. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಹಾಕಿದ ಮಾದರಿಗಳಂತೆ. ತುಳಸಿ ವೃಂದಾವನ, ತೊಟ್ಟಿಲು, ಆನೆ ಅಂಬಾರಿ. ತುದಿಯಲ್ಲಿ ಒಂದು ತೇರು, ಐದು ಅಂತಸ್ತು. ಅದರ ಮುಂದೆ ಮುರಗಿಯಲ್ಲಿ ಅಂಕುಡೊಂಕಾಗಿ ಹೋದ ಹಗ್ಗ.

"ಮಾವಶಿ, ಇದನ್ನು ಒಂದು ತಿಂಗಳು ಕೊಡುತ್ತೀರಾ?"

"ಇಲ್ಲ."

"ಕೊರಿಯರ್ ಮಾಡಿ ವಾಪಸ್ಸು ಕಳಿಸುತ್ತೇನೆ."

"ಇಲ್ಲೇ ಕೂತು ಎಣಿಸಿಕೊಂಡು ಹೋಗು. ನಾನು ಹಾಗೆಯೇ ಕಲಿತದ್ದು."

ಫೋಟೊ ತೆಗೆಯೋಣವೆಂದರೆ ಮೊಬೈಲ್ ಸತ್ತಿದೆ. ಶನಿವಾರ ಬೆಳಿಗ್ಗೆಯಿಂದ ಪಡಸಾಲೆಯಲ್ಲಿ ಕೂತು ಎಣಿಸಿದೆ. ತೊಂಬತ್ತಾರು ಎಳೆ ಅಗಲ. ಪ್ರತಿ ಸಾಲನ್ನೂ ಚೌಕುಳಿ ಹಾಳೆಗೆ ಇಳಿಸಬೇಕು. ಸಂಕ್ರಾಂತಿಯ ಕುಸುರೆಳ್ಳು ಹಂಚುವುದು ಅಲ್ಲಿ ರಥಸಪ್ತಮಿಯವರೆಗೂ ನಡೆಯುವುದರಿಂದ ಹತ್ತು ನಿಮಿಷಕ್ಕೊಬ್ಬರು ಬಾಗಿಲಿಗೆ ಬರುವರು. ಎದ್ದು ಅರಿಸಿನ ಕುಂಕುಮ, ಮತ್ತೆ ಎಣಿಕೆ. ನಾಲ್ಕು ಗಂಟೆ ಹಿಡಿಯಿತು. ರಾತ್ರಿ ರೈಲಿಗೆ ಒಂದು ಕಿಲೊ ಪೇಡೆಯೊಂದಿಗೆ ಹೊರಟೆವು.

ಭಾನುವಾರ, ಜನವರಿ 19

ಮನೆ. ತುಳಸಿ ಒಣಗಿರಲಿಲ್ಲ, ಪಕ್ಕದ ಹುಡುಗಿ ನೀರೂ ಹಾಕಿದ್ದಾಳೆ. ಪತ್ರಿಕೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಟ್ವೈನ್ ದಾರದಿಂದ ಕಟ್ಟಿಟ್ಟಿದ್ದಳು. ಅವಳಿಗೆ ಅರ್ಧ ಕಿಲೊ ಪೇಡೆ ಹೋಯಿತು.

ಚಾಪೆ ಹಾಸಿ ಇಬ್ಬರೂ ಕೂತೆವು. ನೇಮದ ಪ್ರಕಾರ ಹಳೆಯದರಿಂದ. ಇವರ ಈ ಹುಚ್ಚಿಗೆ ನಾನು ನಗುತ್ತ ಬಂದವಳು, ಆದರೆ ಈ ಸಲ ಅದರ ಸೊಗಸು ತಿಳಿಯಿತು. ಹೀಗೆ ಓದಿದರೆ ಸುದ್ದಿ ಕಥೆಯಾಗುತ್ತದೆ. ಇಸ್ರೊ ಡಿಸೆಂಬರ್ 30ರಂದು ಹಾರಿಸಿದ ಎರಡು ಪುಟ್ಟ ಉಪಗ್ರಹಗಳು, ಒಂದೊಂದೂ ಸುಮಾರು 220 ಕಿಲೊ, ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಕೂಡಬೇಕಿತ್ತು. ನಾವು ಹೊರಡುವ ಮೊದಲೇ ಎರಡು ಸಲ ಮುಂದೂಡಿಕೆಯಾಗಿತ್ತು. ಸೋಮವಾರದ ಪತ್ರಿಕೆಯಲ್ಲಿ: ಮೂರು ಮೀಟರ್ ಹತ್ತಿರ ಬಂದವು, ಮತ್ತೆ ದೂರ ಸರಿದವು. ನನಗೆ ಮುಂದಿನದನ್ನು ಎಳೆದು ನೋಡುವ ಆಸೆ. ಮನೆಯವರು ಕಟ್ಟಿನ ಮೇಲೆ ಕೈಯಿಟ್ಟರು. ಕೊನೆಗೆ ಶುಕ್ರವಾರದ್ದು ಬಂತು: 16ರ ಬೆಳಿಗ್ಗೆ ಕೂಡಿದವು, ಇದನ್ನು ಸಾಧಿಸಿದ ನಾಲ್ಕನೆಯ ದೇಶ ಭಾರತ. ಅದೇ ಬೆಳಿಗ್ಗೆ ನಾನು ಇಳಕಲ್ಲಿನ ಓಣಿಯಲ್ಲಿ ಹೆಬ್ಬೆರಳಿನ ಕಚ್ಚನ್ನು ನೋಡುತ್ತ ಕೂತಿದ್ದೆ. "ನೋಡಿ, ನಾನು ಕಂಡದ್ದೂ ಇದೇ ಸುದ್ದಿ" ಎಂದೆ. ಅವರು ಪದಬಂಧದಿಂದ ತಲೆಯೆತ್ತಲಿಲ್ಲ.

ಉಳಿದದ್ದು ಬೇಗ ಬೇಗ. ಪ್ರಯಾಗದಲ್ಲಿ ಕುಂಭಮೇಳ ಶುರುವಾದದ್ದೂ ನಮ್ಮ ಬನದ ಹುಣ್ಣಿಮೆಯಂದೇ. ಬೀದರಿನಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬುವವರ ಮೇಲೆ ಗುಂಡು, ಮಾರನೆಯ ದಿನ ಉಳ್ಳಾಲದ ಬಳಿ ಸಹಕಾರಿ ಸಂಘದಲ್ಲಿ ದರೋಡೆ. ಆ ಪುಟಗಳನ್ನು ಮಡಚಿದೆ. ನಟ ಸರಿಗಮ ವಿಜಿ ತೀರಿಹೋದದ್ದು ಬುಧವಾರ. ಆಡಿದ ನಾಟಕದ ಹೆಸರೇ ಮನುಷ್ಯನ ಹೆಸರಿಗೆ ಅಂಟುವಷ್ಟು ರಂಗದ ಮೇಲಿದ್ದವರು. ಬನಶಂಕರಿಯ ತಗಡಿನ ಥಿಯೇಟರಿನಲ್ಲಿ ನಾವು ಶಿಳ್ಳೆ ಹೊಡೆದ ಎರಡೇ ದಿನಕ್ಕೆ. ಮನೆಯವರು ಆ ಪುಟವನ್ನು ತುಸು ಹೊತ್ತು ಹಿಡಿದುಕೊಂಡಿದ್ದರು.

ಕೊನೆಯದು ಅಂದಿನದೇ ಪತ್ರಿಕೆ. ವಡೋದರದಲ್ಲಿ ವಿದರ್ಭವನ್ನು 36 ರನ್‌ಗಳಿಂದ ಸೋಲಿಸಿ ಕರ್ನಾಟಕಕ್ಕೆ ಐದನೆಯ ವಿಜಯ್ ಹಜಾರೆ ಟ್ರೋಫಿ, ಆರ್. ಸ್ಮರಣ್ ಶತಕ. ಎಂಟು ದಿನದ ಜಗತ್ತು ಎರಡು ಗಂಟೆಯಲ್ಲಿ ಮುಗಿಯಿತು. ಬಟ್ಟೆ ಒಗೆಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಸೋಮವಾರ, ಜನವರಿ 20

ಬೆಳಗಿನ ಪತ್ರಿಕೆಯ ಮೊದಲ ಪುಟದಲ್ಲಿ ಖೊ ಖೊ. ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ ಭಾರತದ ಹೆಂಗಸರೂ ಗಂಡಸರೂ ನೇಪಾಳವನ್ನು ಸೋಲಿಸಿ ಗೆದ್ದಿದ್ದರು. ಮಹಿಳಾ ತಂಡದಲ್ಲಿ ಚೈತ್ರಾ, ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ನನ್ನ ತವರಿನ ಸೀಮೆ. ಓಡುವ ಚಿತ್ರವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿದೆ, ಯಾಕೆಂದು ಕೇಳಬೇಡಿ.

ಮೊಬೈಲನ್ನು ರಿಪೇರಿಗೆ ಒಯ್ದೆ. ಅಂಗಡಿಯ ಹುಡುಗ ಚಾರ್ಜಿಂಗ್ ತೂತಿಗೆ ಟಾರ್ಚ್ ಬಿಟ್ಟು ನೋಡಿ, ಸೂಜಿಯೊಂದನ್ನು ತೆಗೆದುಕೊಂಡು ಒಳಗಿನಿಂದ ಒಂದು ಉಂಡೆ ಹೊರಗೆಳೆದ. ಕೆಂಪು, ಹಸಿರು, ಕಪ್ಪು ಎಳೆಗಳ ನಾರು. ಕಸೂತಿಯ ಚೀಲದಲ್ಲಿಯೇ ಮೊಬೈಲ್ ಇಟ್ಟುಕೊಂಡು ತಿರುಗಿದ ಫಲ. "ಏನೂ ಹಾಳಾಗಿಲ್ಲ ಆಂಟಿ, ದುಡ್ಡು ಬೇಡ" ಎಂದ. ಎಂಟು ದಿನವೂ ಅದೇ ಚೀಲದಲ್ಲಿ ಒಂದು ಡಜನ್ ಸೂಜಿ ಇದ್ದವು. ಮನೆಯವರಿಗೆ ಇದನ್ನು ಹೇಳಿಲ್ಲ. ತೆರೆದರೆ ನಾನೂರಕ್ಕೂ ಹೆಚ್ಚು ಸಂದೇಶ. ಮುಕ್ಕಾಲು ಪಾಲು ಎಳ್ಳು ಬೆಲ್ಲದ ಚಿತ್ರ.

ಮಧ್ಯಾಹ್ನ ಯೋಜನೆಗಳ ಲೆಕ್ಕ ತೆಗೆದೆ. ತ್ರಿಪದಿಯ "ಸಾ"ವನ್ನು ತುಂಡು ಬಟ್ಟೆಯ ಮೇಲೆ ಹಾಕಿ ನೋಡಿದೆ. ಹತ್ತೊಂಬತ್ತು ಎಳೆ ಎತ್ತರಕ್ಕೆ ಅದು ನೀರಿನ ಟ್ಯಾಂಕಿನಂತೆ ಎದ್ದು ನಿಂತಿತು. ಹೊಡೆದುಹಾಕಿದೆ. ಆರಡಿಯ ಜಾತ್ರೆ: ಕೈಗೆ ಎರಡು ವರ್ಷ, ಕಣ್ಣಿಗೆ ಅದಕ್ಕಿಂತ ಹೆಚ್ಚು. ಅದೂ ಹೋಯಿತು. ಪಟ್ಟದಕಲ್ಲಿನ ಜಾಲಂಧ್ರಗಳು ಉಳಿದವು, ಖಣದ ಕುಪ್ಪಸದ ತೋಳಿಗೆ ಆಗುತ್ತವೆ. ಉಳಿದ ಆರನ್ನು ಓದಿ ನೋಡಿದೆ. ಅರಸೀಕೆರೆಯ ಚಹಾ ಕುಡಿದು ಬರೆದವು.

ಆಮೇಲೆ ದಿಂಬಿನ ಗವಸಿನಿಂದ ಸೀರೆ ತೆಗೆದೆ.

ಸೂಜಿ ಬಿಟ್ಟಲ್ಲಿಯೇ ಇತ್ತು. ಆದರೆ ಅದು ಹೋಗುತ್ತಿತ್ತೋ ಬರುತ್ತಿತ್ತೋ ತಿಳಿಯಲೊಲ್ಲದು. ಹೋಗುವ ದಾರಿಯ ಗವಂತಿ ಮೇಲಿನಿಂದಲೂ ಒಂದು ಬಿಟ್ಟು ಒಂದು, ಕೆಳಗಿನಿಂದಲೂ ಒಂದು ಬಿಟ್ಟು ಒಂದು. ಬಟ್ಟೆ ತಿರುಗಿಸಿ ನೋಡಿದರೂ ಸುಳಿವಿಲ್ಲ. ಎಡಗಡೆಯ ಕಂಬವನ್ನು ಹೋಗುವಾಗಲೇ ಮುಗಿಸಿದ್ದೆನೋ, ಬರುವಾಗ ಮುಗಿಸಲೆಂದು ಬಿಟ್ಟಿದ್ದೆನೋ? ಭೂತಗನ್ನಡಿ ಹಿಡಿದು ದಾರದ ಬೆನ್ನು ಹತ್ತಿದೆ. ಬೆನ್ನು ಹತ್ತಿದ್ದರಿಂದಲೇ ಇನ್ನೊಂದು ಸಿಕ್ಕಿತು: ಮೊದಲ ಅಂತಸ್ತಿನಲ್ಲಿ, ಚಕ್ರದ ಮೇಲೆ, ನಾಲ್ಕು ಎಳೆಯ ಬದಲು ಐದು ಎಳೆ ಹಿಡಿದ ಒಂದು ಹೊಲಿಗೆ. ಆಟೊ ಬಂದ ದಿನದ್ದಲ್ಲ, ಅದಕ್ಕೂ ಹಿಂದಿನದು. ಅಲ್ಲಿಂದ ಮೇಲಕ್ಕೆ ತೇರು ಇಡಿಯಾಗಿ ಒಂದು ಎಳೆ ಬಲಕ್ಕೆ ವಾಲಿದೆ. ಉಟ್ಟರೆ ಯಾರಿಗೂ ಕಾಣುವುದಿಲ್ಲ. ಮಾವಶಿಗೆ ಕಾಣುತ್ತದೆ, ಮದುವೆಗೆ ಅವರು ಬರುತ್ತಾರೆ.

ಸಂಜೆ ಆರರಿಂದ ಒಂಬತ್ತರವರೆಗೆ ಬಿಚ್ಚಿದೆ. ಬಿಚ್ಚುವುದೆಂದರೆ ಹಾಕಿದ ದಾರಿಯನ್ನೇ ಹಿಂದಕ್ಕೆ ನಡೆಯುವುದು, ಹೊಲಿಗೆ ಹೊಲಿಗೆಗೂ ಸೂಜಿಯ ಹಿಂಬದಿಯಿಂದ ಎಬ್ಬಿಸುತ್ತ. ಕತ್ತರಿಸಿದರೆ ನಾರು ಕಪ್ಪು ಬಟ್ಟೆಯಲ್ಲಿ ಉಳಿದುಬಿಡುತ್ತದೆ. ಕೊನೆಯ ಎಳೆ ಬಂದಾಗ ಸೆರಗಿನಲ್ಲಿ ಸಣ್ಣ ಸಣ್ಣ ತೂತುಗಳ ತೇರೊಂದು ಉಳಿದಿತ್ತು, ದೀಪಕ್ಕೆ ಹಿಡಿದರೆ ಮಾತ್ರ ಕಾಣುವಂಥದ್ದು. ಉಗುರಿನಿಂದ ತೀಡಿ ಮುಚ್ಚಿದೆ. ಹೇಗೂ ಬಿಚ್ಚಿಯಾಯಿತು, ಇನ್ನು ಅಲ್ಲಿ ಏರುವುದು ಮಾವಶಿಯ ಐದು ಅಂತಸ್ತಿನ ತೇರು, ಹಗ್ಗದ ಸಮೇತ. ಒಂಬತ್ತು ಯೋಜನೆಗಳ ಪಟ್ಟಿಯಲ್ಲಿ ಇದು ಇರಲೇ ಇಲ್ಲ.

ಮಂಗಳವಾರ, ಜನವರಿ 21

ಬೆಳಿಗ್ಗೆ ಚೌಕುಳಿ ಹಾಳೆಯನ್ನು ಮುಂದಿಟ್ಟುಕೊಂಡು ಎಳೆ ಎಣಿಸಲು ಕೂತೆ. ಮೂರು ಅಂತಸ್ತು ಸರಿ. ನಾಲ್ಕನೆಯದರಲ್ಲಿ ಎಡಗಡೆಯ ಕಮಾನು ಬಲಗಡೆಯದಕ್ಕೆ ಕೂಡುತ್ತಿಲ್ಲ. ಮೂರು ಸಲ ಎಣಿಸಿದೆ. ಕುಸುರೆಳ್ಳಿಗೆ ಎದ್ದು ಹೋದಾಗಲೋ ಏನೋ, ಧಾರವಾಡದಲ್ಲಿ ಒಂದು ಸಾಲನ್ನೇ ಬಿಟ್ಟು ಬಂದಿದ್ದೇನೆ.

ಹನ್ನೊಂದಕ್ಕೆ ಮಾವಶಿಗೆ ಫೋನ್ ಮಾಡಿದೆ. ವಿಷಯಕ್ಕೆ ಬರಲು ಇಪ್ಪತ್ತು ನಿಮಿಷ. ಮೊದಲು ರೈಲಿನಲ್ಲಿ ನಿದ್ದೆ ಬಂತೇ, ಪೇಡೆ ಯಾರು ಯಾರಿಗೆ ಕೊಟ್ಟೆ, ಬೆಂಗಳೂರಿನಲ್ಲಿ ಚಳಿ ಇದೆಯೇ. ನಂತರ ಅವರ ಸುದ್ದಿ: ನಾವು ಬಂದ ಮೇಲೆ ನಾಲ್ವರು ಬಂದು ಹೋದರು, ಒಬ್ಬಳ ಸೊಸೆಗೆ ಕಸೂತಿ ಕಲಿಯುವ ಮನಸ್ಸು, ಬುಧವಾರದಿಂದ ಬರುತ್ತಾಳೆ. "ನೀನು ಆ ಪಟ್ಟಿ ಹೊತ್ತುಕೊಂಡು ಹೋಗಿದ್ದರೆ ಅವಳಿಗೆ ಏನು ತೋರಿಸುತ್ತಿದ್ದೆ?" ಎಂದು ಗೆದ್ದ ದನಿಯಲ್ಲಿ ಕೇಳಿದರು. ಆಮೇಲೆ ಟ್ರಂಕ್ ತೆರೆದ ಸದ್ದು. ಕನ್ನಡಕ ಹುಡುಕಿದ ಸದ್ದು. ಕಿಟಕಿಯ ಹತ್ತಿರ ಕುರ್ಚಿ ಎಳೆದ ಸದ್ದು.

"ನಾಲ್ಕನೆಯ ಅಂತಸ್ತು. ಕೆಳಗಿನಿಂದ ಏಳನೆಯ ಸಾಲು. ಬರೆದುಕೋ."

"ಹೇಳಿ ಮಾವಶಿ."

"ನಾಲ್ಕು ಮೇಲೆ, ನಾಲ್ಕು ಕೆಳಗೆ. ಇಲ್ಲಿ ಕವಲು. ಕವಲು ಬರುವಾಗಿನದು. ಮತ್ತೆ ನಾಲ್ಕು. ಇಪ್ಪತ್ನಾಲ್ಕಾಯಿತು. ಇಪ್ಪತ್ತೆಂಟು. ಮೂವತ್ತೆರಡು." ಎಂಬತ್ತೆರಡರ ಕಣ್ಣು ಕಪ್ಪು ಎಳೆಗಳ ಮೇಲೆ ಹೋಗುತ್ತಿರುವುದು ಫೋನಿನಲ್ಲಿಯೇ ಕಾಣುವಂತಿತ್ತು. ನಾನು ಪೆನ್ಸಿಲ್ ಒತ್ತಿ ಹಿಡಿದು ಚೌಕ ತುಂಬುತ್ತ ಹೋದೆ. ಅರವತ್ತಕ್ಕೆ ಬಂದರು. ಅರವತ್ನಾಲ್ಕು.

"ಅಂದ ಹಾಗೆ, ನಿನ್ನೆ ಪೇಪರಿನಲ್ಲಿ ನೋಡಿದೆ. ಖೊ ಖೊ ಆಡಿ ಗೆದ್ದವಳು ನಿಮ್ಮ ಮೈಸೂರು ಕಡೆಯ ಹುಡುಗಿಯಂತಲ್ಲ?"

"ಹೌದು ಮಾವಶಿ, ಕುರುಬೂರಿನವಳು."

"ಏನು ಓಡುತ್ತಾಳೆ! ನಾನೂ ಶಾಲೆಯಲ್ಲಿ ಆಡುತ್ತಿದ್ದೆ. ನಿಮ್ಮ ಅತ್ತೆ ಮಾತ್ರ ಯಾವತ್ತೂ ಕೂತೇ ಇರುತ್ತಿದ್ದಳು, ಎಬ್ಬಿಸುವವರೇ ಇರಲಿಲ್ಲ." ನಕ್ಕರು. ಸ್ವಲ್ಪ ಹೊತ್ತು ಸುಮ್ಮನಾದರು. "ಎಷ್ಟಕ್ಕೆ ಬಂದಿದ್ದೆ?"

"ಅರವತ್ನಾಲ್ಕು."

"ಬೆರಳು ತೆಗೆದುಬಿಟ್ಟೆ. ನಿಲ್ಲು, ಮೊದಲಿನಿಂದ ಎಣಿಸುತ್ತೇನೆ. ನಾಲ್ಕು ಮೇಲೆ, ನಾಲ್ಕು ಕೆಳಗೆ..."